ಮರ್ಲ್ ಗ್ಯಾಡಿಸ್ ಪ್ರೆಸ್ ಹಾಕಿದ್ದು

ಮಾಂಟಾನಾದ ಟೆನ್‌ಮೈಲ್ ಬೆಂಡ್ ಊರಿನಲ್ಲಿ ಮರ್ಲ್ ಗ್ಯಾಡಿಸ್ ಎಂಬಾತ ಅರವತ್ತೊಂದು ವರ್ಷ ಯಾರ ತಂಟೆಗೂ ಹೋಗದೆ ಬಾಳಿದ್ದ. ಮೂವತ್ತು ವರ್ಷ ಸರ್ಕಾರದ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾಗಿದ್ದ. ಅವನಿಂದ ಊರಿಗೆ ಒಟ್ಟು ಆದ ಹಾನಿ ಎಂದರೆ ಹನ್ನೊಂದು ಅಂಚೆ ಡಬ್ಬಿಗಳು. ಅವೂ ಹಿಮದಡಿ ಕಾಣದೆ ಹೋದವು, ಬೇಕೆಂದು ಮಾಡಿದ್ದಲ್ಲ. ಇಂಥ ಮನುಷ್ಯನ ಹೆಸರು ಕೇಳಿ ಊರಿನ ಮೇಯರ್ ಬೆವರುವ ಕಾಲವೊಂದು ಬಂತು. ಅದಕ್ಕೆ ಕಾರಣ ಅವನ ಭಾವಮೈದುನ ಡೆಲ್ಬರ್ಟ್.

ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ ಇಬ್ಬರೂ ಪೇಟೆ ಬೀದಿಯ ಹೋಟೆಲಿನಲ್ಲಿ ಪ್ಯಾನ್‌ಕೇಕ್ ತಿನ್ನುತ್ತಿದ್ದರು. ಡೆಲ್ಬರ್ಟ್ ಅಂಗಿ ಜೇಬಿನಿಂದ ಬಂದೂಕಿನ ತೋಟೆಯೊಂದನ್ನು ತೆಗೆದು ಮೇಪಲ್ ಪಾಕದ ಬಾಟಲಿಯ ಪಕ್ಕ ನಿಲ್ಲಿಸಿದ.

"ಇದು ಅಂಗಡೀದಲ್ಲ ಭಾವ. ಹೊಡೆದ ಖಾಲಿ ತೋಟೇನ ಮನೆಗೆ ತಂದು, ಹೊಸ ಮದ್ದು, ಹೊಸ ಗುಂಡು ಹಾಕಿ, ಪ್ರೆಸ್ಸಲ್ಲಿ ಒತ್ತಿ ನಾನೇ ಕೈಯಾರೆ ತುಂಬಿಸಿದ್ದು. ಅಂಗಡಿ ತೋಟೇಲಿ ಎಲ್ಕ್ ಹೊಡೆಯೋದು ಅಂದ್ರೆ, ಡಬ್ಬಿ ಸೂಪ್ ಬಿಸಿ ಮಾಡಿ ಅಡುಗೆ ಮಾಡ್ದೆ ಅಂತ ಹೇಳ್ಕೊಂಡ ಹಾಗೆ."

ಕಾಫಿ ಬಗ್ಗಿಸುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಮೂರು ವರ್ಷದಿಂದ ಅಂಗಡಿ ತೋಟೆ ಹಾಕಿ, ಮೂರು ವರ್ಷವೂ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬದಲು ಗಾಳಿಗೆ ಹೊಡೆದು ಬಂದಿದ್ದ ಮರ್ಲ್‌ಗೆ ಆ ನಗು ಎದೆಗೆ ತಾಕಿತು.

"ನಾನೂ ಪ್ರೆಸ್ ಹಾಕ್ತಿದೀನಿ ಕಣಯ್ಯಾ," ಅಂದುಬಿಟ್ಟ. ಬೇಕಾದ್ದಕ್ಕಿಂತ ಜೋರಾಗಿಯೇ ಅಂದ.

"ನೀನು? ಪ್ರೆಸ್ಸು?"

"ಹೂಂ. ಮನೇಲೇ. ಗ್ಯಾರೇಜಲ್ಲಿ."

"ಯಾವ ಪ್ರೆಸ್ಸು?"

ಪ್ರೆಸ್ಸುಗಳಲ್ಲಿ ಬಗೆಬಗೆ ಇರುತ್ತವೆ ಎಂಬುದು ಮರ್ಲ್‌ಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. "ಅದೇ, ನೋಡ್ತಾ ಇದೀನಿ. ಸುಮ್ನೆ ಯಾವುದೋ ಒಂದು ತಗೊಳ್ಳೋಕಾಗುತ್ತಾ? ಮೊದಲು ವಾರಕ್ಕೆ ಐವತ್ತು ತೆಗೀತೀನಿ. ಆಮೇಲೆ ನೂರು. ಈ ಸಲ ಎಷ್ಟು ದೊಡ್ಡೋನು ಎದುರಿಗೆ ಬಂದ್ರೂ ಬಿಡೋದಿಲ್ಲ!"

ಅವರ ಬೆನ್ನ ಹಿಂದಿನ ಮೇಜಿನಲ್ಲಿ ಮಿಸೆಸ್ ಒಪಾಲ್ ಕ್ರಂಬ್ ಕೂತಿದ್ದಳು. ವಯಸ್ಸು ಎಪ್ಪತ್ತೊಂಬತ್ತು, ಕಣ್ಣು ಮಂಜು, ಕಿವಿ ಮಾತ್ರ ಮೊಲದ ಕಿವಿ. ತೋಟೆ ಅವಳಿಗೆ ಕಾಣಿಸಲಿಲ್ಲ. ಪ್ರೆಸ್ ಎಂಬ ಮಾತು ಕೇಳಿಸಿತು. ಟೆನ್‌ಮೈಲ್ ಬೆಂಡಿನ ವಾರಪತ್ರಿಕೆ ಮುಚ್ಚಿ ಎರಡು ವರ್ಷವಾಗಿತ್ತು. ಅದರಲ್ಲಿ ಯಾರ ಮನೆಗೆ ಯಾರು ಬಂದರು, ಏನು ತಿಂದರು, ಯಾಕೆ ಬೇಗ ಎದ್ದು ಹೋದರು ಎಂದು ಇಪ್ಪತ್ತೆರಡು ವರ್ಷ ಬರೆದವಳು ಇವಳು. ಪತ್ರಿಕೆ ನಿಂತ ಮೇಲೆ ತಿಳಿದದ್ದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಮೊಟ್ಟೆ ಅರ್ಧಕ್ಕೇ ಬಿಟ್ಟು ಎದ್ದಳು. ಮಧ್ಯಾಹ್ನದ ಹೊತ್ತಿಗೆ, ಮರ್ಲ್ ಗ್ಯಾಡಿಸ್ ಪತ್ರಿಕೆ ಹೊರಡಿಸುತ್ತಾನಂತೆ, ಎಷ್ಟು ದೊಡ್ಡವರಾದರೂ ಬಿಡುವುದಿಲ್ಲವಂತೆ ಎಂಬ ಸುದ್ದಿ ಅಂಚೆ ಕಚೇರಿ ದಾಟಿ ಚರ್ಚಿನ ಮೆಟ್ಟಿಲು ಹತ್ತಿತ್ತು.

ಇದಾವುದೂ ಗೊತ್ತಿಲ್ಲದ ಮರ್ಲ್ ಆ ಹೊತ್ತಿಗೆ ಐವರ್ ನೋಡ್‌ಲಂಡ್‌ನ ಅಂಗಡಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಐವರ್ ಮೊಳೆ, ಬಣ್ಣ, ಬಂದೂಕು, ಗಾಳ ಎಲ್ಲ ಮಾರುವವನು, ಊರಿನ ಕೌನ್ಸಿಲ್ ಸದಸ್ಯನೂ ಹೌದು. ಕಟ್ಟೆಯ ಮೇಲೆ ಮೂರು ಕಬ್ಬಿಣದ ಯಂತ್ರಗಳನ್ನು ಸಾಲಾಗಿ ಇಟ್ಟ.

"ಇದು ಒಂಟಿ ಪ್ರೆಸ್ಸು. ಒಂದು ಸಲ ಹಿಡಿ ಎಳೆದ್ರೆ ಒಂದೇ ಕೆಲಸ. ಕಿಡಿ ಹೊತ್ತಿಸೋ ಹಳೇ ಕೇಪು ತೆಗೆಯೋದಕ್ಕೆ ಒಂದ್ಸಲ, ಗುಂಡು ಕೂರಿಸೋದಕ್ಕೆ ಒಂದ್ಸಲ, ಹೀಗೆ. ನಿಧಾನ, ಆದ್ರೆ ಮೋಸ ಇಲ್ಲ. ಇದು ತಲೆ ತಿರುಗೋದು."

"ತಲೆ ತಿರುಗುತ್ತಾ?"

"ನಿಂದಲ್ಲ, ಪ್ರೆಸ್ಸಿಂದು. ಅಚ್ಚುಗಳೆಲ್ಲ ಮೇಲೇ ಇರ್ತವೆ, ತಿರುಗಿಸ್ಕೊಂಡು ತಿರುಗಿಸ್ಕೊಂಡು ಕೆಲಸ ಮಾಡೋದು. ಇನ್ನು ಈ ದೊಡ್ಡಪ್ಪ ಇದಾನಲ್ಲ, ಒಂದು ಸಲ ಎಳೆದ್ರೆ ಐದು ಕೆಲಸ ಒಟ್ಟಿಗೇ. ಗಂಟೆಗೆ ನಾನೂರು ತೋಟೆ ಉದುರಿಸ್ತಾನೆ. ವರ್ಷಕ್ಕೆ ಎಷ್ಟು ಹೊಡೀತೀಯ ನೀನು?"

ಸತ್ಯ ಹೇಳಬೇಕೆಂದರೆ ಮೂರು. "ಮುನ್ನೂರು ಅಂತಿಟ್ಕೋ," ಅಂದ ಮರ್ಲ್.

"ಹಾಗಾದ್ರೆ ತಲೆ ತಿರುಗೋದು."

ಗಾಳದ ದಾರ ಆರಿಸುತ್ತಿದ್ದ ಗಿರಾಕಿಯೊಬ್ಬ ತಲೆ ಹಾಕಿದ. "ತಿರುಗೋದಾ? ಥೂ, ತಗೊಂಡ್ರೆ ಆ ದೊಡ್ಡದು ತಗೋಬೇಕು." ಮೊಳೆ ತೂಗಿಸುತ್ತಿದ್ದ ಇನ್ನೊಬ್ಬ, "ದೊಡ್ಡದು ತಗೊಂಡು ನನ್ನ ತಮ್ಮ ಒಂದು ಚಳಿಗಾಲ ಪೂರ್ತಿ ಅದನ್ನೇ ರಿಪೇರಿ ಮಾಡ್ತಾ ಕೂತಿದ್ದ. ಒಂಟಿಯೇ ಸರಿ," ಅಂದ. ಮೂವರೂ ಮೂರು ದಿಕ್ಕಿಗೆ ಎಳೆದಾಡಿದ ಮೇಲೆ ಮರ್ಲ್‌ಗೆ ನಿಜಕ್ಕೂ ತಲೆ ತಿರುಗಿ, "ಪ್ರೆಸ್ ನಾಳೆ ನೋಡೋಣ, ಉಳಿದದ್ದು ಕೊಡು," ಅಂದ. ಒಂದು ಡಬ್ಬಿ ಮದ್ದು, ಕೇಪುಗಳು, ಪುಟ್ಟ ತಕ್ಕಡಿ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಹೊತ್ತು ಮನೆಗೆ ಬಂದ. ಮದುವೆಗೆ ಹೂವು, ಊಟ, ವಾದ್ಯ ಎಲ್ಲ ಗೊತ್ತುಮಾಡಿ, ಹುಡುಗಿಯನ್ನು ಮಾತ್ರ ಆಮೇಲೆ ನೋಡಿದರಾಯಿತು ಎಂದಂತಾಯಿತು.

ಮರುದಿನ ಗ್ಯಾರೇಜಿನಲ್ಲಿ ಪುಸ್ತಕ ಬಿಡಿಸಿ ಕೂತ. ಹನ್ನೆರಡನೇ ಪುಟದಲ್ಲಿ ಒಂಟಿ ಪ್ರೆಸ್ಸೇ ಸರಿ ಅನ್ನಿಸಿತು. ಮೂವತ್ತನೇ ಪುಟದಲ್ಲಿ ಅದನ್ನು ಕೊಂಡವರು ದಡ್ಡರು ಅನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಮಿಸೆಸ್ ಕ್ರಂಬ್ ನಿಂತಿದ್ದಳು.

"ಪ್ರೆಸ್ ಬಂತೇನಪ್ಪಾ?"

"ಇನ್ನೂ ಇಲ್ಲ ಮಿಸೆಸ್ ಕ್ರಂಬ್. ಯಾವುದು ಅಂತ ತೀರ್ಮಾನ ಆಗಿಲ್ಲ," ಅಂದ ಮರ್ಲ್. ಮುದುಕಿಗೆ ಬೇಟೆಯಲ್ಲಿ ಇಷ್ಟು ಆಸಕ್ತಿಯೇ ಎಂದು ಅಚ್ಚರಿಪಟ್ಟ.

"ವಾರ ವಾರ ತೆಗೀತೀಯೋ, ತಿಂಗಳಿಗೊಂದ್ಸಲವೋ?"

"ಚಳಿಗಾಲಕ್ಕೆ ಮುಂಚೆ ಜಾಸ್ತಿ. ಆಮೇಲೆ ಅಷ್ಟು ಬೇಕಾಗಲ್ಲ."

"ಅದೂ ಸರಿಯೇ. ಚಳೀಲಿ ಇಲ್ಲಿ ಏನು ನಡೆಯುತ್ತೆ ಮಣ್ಣು," ಎಂದು ಮಿಸೆಸ್ ಕ್ರಂಬ್ ಒಳಗೆ ಬಂದು ಅವನ ಮೊಣಕೈ ಹಿಡಿದಳು. ದನಿ ಕುಗ್ಗಿತು. "ನಂದೊಂದು ಆಸೆ ಮರ್ಲ್. ನನ್ನ ಗಂಡ ಆರ್ಟ್ ತೀರ್ಕೊಂಡು ನಾಲ್ಕು ತಿಂಗಳಾಯ್ತು. ಯಾರೂ ಅವನ ಬಗ್ಗೆ ಒಂದು ಸಾಲು ಹಾಕಲಿಲ್ಲ. ನಿನ್ನ ಮೊದಲನೇದರಲ್ಲೇ ಅವನ ಹೆಸರು ಬರ್ಲಿ."

ಮರ್ಲ್ ಪುಸ್ತಕ ಮುಚ್ಚಿದ. "ಮೊದಲನೇದರ ಮೇಲೆ?"

"ಎದ್ದು ಕಾಣೋ ಹಾಗೆ. ದಪ್ಪ ಅಕ್ಷರದಲ್ಲಿ."

"ಅದು ಇಷ್ಟೇ ಇರುತ್ತಲ್ಲ ಮಿಸೆಸ್ ಕ್ರಂಬ್," ಎಂದು ಹೆಬ್ಬೆರಳು ತೋರಿಸಿದ.

"ಗೊತ್ತಪ್ಪಾ, ಶುರುವಿನಲ್ಲಿ ಚಿಕ್ಕದೇ ಇರುತ್ತೆ. ಅವನ ಹೆಸರೂ ಚಿಕ್ಕದೇ. ಹುಟ್ಟಿದ ದಿನ, ಸತ್ತ ದಿನ, ಅವನಿಗೆ ಗಾಳ ಹಾಕೋದು ಇಷ್ಟ ಅಂತ. ಅಷ್ಟು ಸಾಕು. ಊರವರೆಲ್ಲ ಕೈಯಲ್ಲಿ ಹಿಡ್ಕೊಂಡು ನೋಡ್ಲಿ."

"ಅದನ್ನ ಹೊಡೆದ ಮೇಲೆ ಯಾರಿಗೂ ಸಿಗಲ್ಲ..."

"ಹೊಡೀ! ಎಲ್ಲಾರ್ಗೂ ತಟ್ಟೋ ಹಾಗೆ ಹೊಡೀ!" ಎಂದು ಕಣ್ಣೊರೆಸಿಕೊಂಡು ಹೊರಟಳು. ಸತ್ತ ಗಂಡನ ಹೆಸರನ್ನು ಗುಂಡಿನ ಮೇಲೆ ಕೆತ್ತಿ ಎಲ್ಕ್‌ನ ಹೊಟ್ಟೆಯೊಳಗೆ ಕಳಿಸುವುದು ಯಾವ ಕಡೆಯ ಸಂಪ್ರದಾಯವೋ ಮರ್ಲ್‌ಗೆ ತಿಳಿಯಲಿಲ್ಲ. ದುಃಖದಲ್ಲಿರುವವರನ್ನು ಕೇಳುವುದು ಹೇಗೆ? ಸೂಜಿಯಲ್ಲಿ ಕೆತ್ತಿದರೆ ಹಿಡಿಸಬಹುದೇ ಎಂದು ಯೋಚಿಸುತ್ತ ಕೂತ.

ಆ ದಿನ ಬಂದವಳು ಅವಳೊಬ್ಬಳೇ ಅಲ್ಲ. ಒಬ್ಬ ಕಳೆದುಹೋದ ನಾಯಿಯ ಫೋಟೋ ಕೊಟ್ಟು "ಇದನ್ನೂ ಸೇರಿಸ್ಕೋ" ಅಂದ. ನಾಯಿಯನ್ನು ಹೊಡೆಯಬೇಕೆಂದೇ ತಿಳಿದು ಮರ್ಲ್ ಬಿಳಿಚಿಹೋದ. ಚರ್ಚಿನ ಹೆಂಗಸೊಬ್ಬಳು ಭಾನುವಾರದ ಊಟದ ಪಟ್ಟಿ ಇಟ್ಟು ಹೋದಳು. ಸಂಜೆ ಹೆಂಡತಿ ಡಾರ್ಲಾ ಹೊಸದಾಗಿ ತಲೆಗೂದಲು ಕತ್ತರಿಸಿಕೊಂಡು ಬಂದು, ಗ್ಯಾರೇಜಿನ ಮಧ್ಯದಲ್ಲೇ ಗಂಡನ ಕೆನ್ನೆಗೆ ಮುತ್ತು ಕೊಟ್ಟಾಗಲಂತೂ ಅವನಿಗೆ ಭಯವೇ ಆಯಿತು.

"ನಂಗ್ಯಾಕೆ ಹೇಳ್ಲಿಲ್ಲ ನೀನು, ಪ್ರೆಸ್ ವಿಷಯ?"

"ಬೈತೀಯ ಅಂದ್ಕೊಂಡೆ."

"ಬೈಯೋದಾ! ಪಾರ್ಲರಲ್ಲಿ ಎಲ್ಲಾರೂ ಎದ್ದು ಕುರ್ಚಿ ಬಿಟ್ಕೊಟ್ರು ಮರ್ಲ್. ಮೂವತ್ನಾಲ್ಕು ವರ್ಷಕ್ಕೆ ಮೊದಲನೇ ಸಲ. ನಿನ್ನೊಳಗೆ ಇಂಥದ್ದೊಂದು ಇದೆ ಅಂತ ನಂಗೊತ್ತೇ ಇರ್ಲಿಲ್ಲ." ತನ್ನ ಹೊಲಿಗೆ ಮೇಜನ್ನು ತಾನೇ ಖಾಲಿ ಮಾಡಿ ಗ್ಯಾರೇಜಿಗೆ ತಳ್ಳಿ ತಂದಳು. "ಇದರ ಮೇಲೆ ಕೂರುತ್ತಾ ಪ್ರೆಸ್ಸು?"

"ಒಂಟಿ ಆದ್ರೆ ಕೂರುತ್ತೆ. ದೊಡ್ಡದಾದ್ರೆ ಗೊತ್ತಿಲ್ಲ."

"ದೊಡ್ಡದೇ ತಗೋ," ಅಂದಳು ಡಾರ್ಲಾ. ಕಳೆದ ವರ್ಷ ಹೊಸ ಗಾಳದ ಕೋಲು ಕೊಂಡದ್ದಕ್ಕೆ ಹದಿನೈದು ದಿನ ಮಾತು ಬಿಟ್ಟವಳು ಇವಳೇ ಎಂದು ನಂಬುವುದು ಮರ್ಲ್‌ಗೆ ಕಷ್ಟವಾಯಿತು.

ಬುಧವಾರ ಬೆಳಗ್ಗೆ ಮೇಯರ್ ಫ್ಲಾಯ್ಡ್ ಪೆಂಡ್ಲಿ ಖುದ್ದಾಗಿ ಬಂದ. ಭಾರೀ ಮೈ, ಕತ್ತು ಎಂಬುದು ತಲೆಗೂ ಹೆಗಲಿಗೂ ನಡುವೆ ಸುಮ್ಮನೆ ಒಂದು ಮಡಿಕೆ. ಕೈಯಲ್ಲಿ ಹೆಂಡತಿ ಮಾಡಿದ, ನೇರಳೆ ಬಣ್ಣದ ಹಣ್ಣು ತುಂಬಿದ ಹಕಲ್‌ಬೆರಿ ಪೈ. ಮರ್ಲ್‌ನ ಜೊತೆ ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವನು.

"ಹೇಗಿದೀರಿ ಮಿಸ್ಟರ್ ಗ್ಯಾಡಿಸ್?"

ಮರ್ಲ್ ಹಿಂದೆ ತಿರುಗಿ ನೋಡಿದ. ಊರಲ್ಲಿ ಮಿಸ್ಟರ್ ಗ್ಯಾಡಿಸ್ ಎನಿಸಿಕೊಂಡಿದ್ದ ಅವನಪ್ಪ ಸತ್ತು ಹದಿನೆಂಟು ವರ್ಷವಾಗಿತ್ತು.

"ಏನೋ ಸ್ಫೋಟಕವಾದದ್ದು ನಿಮ್ಮ ಕೈಗೆ ಸಿಕ್ಕಿದೆ ಅಂತ ಕೇಳ್ದೆ," ಅಂದ ಮೇಯರ್.

ಮದ್ದಿನ ಡಬ್ಬಿಗೆ ಪರವಾನಗಿ ಕೇಳಲು ಬಂದಿದ್ದಾನೆಂದು ಮರ್ಲ್ ಅಂದುಕೊಂಡ. "ಒಂದೇ ಡಬ್ಬಿ ಫ್ಲಾಯ್ಡ್. ಮೇಲಿನ ಹಲಗೇಲಿ ಇಟ್ಟಿದೀನಿ. ಡಾರ್ಲಾಗೂ ಮುಟ್ಟೋಕೆ ಬಿಟ್ಟಿಲ್ಲ."

"ಡಬ್ಬಿ ತುಂಬಾ ಇದೆಯಾ!" ಮೇಯರ್ ಬೋರಲು ಬಕೆಟ್ಟಿನ ಮೇಲೆ ಕುಸಿದು ಕೂತ. "ಯಾರು ಕೊಟ್ಟಿದ್ದು?"

"ಇನ್ಯಾರು, ಐವರ್. ಕೇಳಿದವರಿಗೆಲ್ಲ ಕೊಡ್ತಾನೆ. ನಿನಗೂ ಬೇಕಿತ್ತಾ?"

"ಐವರ್! ಕೌನ್ಸಿಲಲ್ಲಿ ನನ್ನ ಪಕ್ಕದ ಕುರ್ಚೀಲೇ ಕೂರ್ತಾನಲ್ಲಯ್ಯಾ ಅವನು!" ಮೇಯರ್ ಹಣೆ ಒರೆಸಿಕೊಂಡ. "ನೇರವಾಗೇ ಕೇಳ್ತೀನಿ. ಗುರಿ ಯಾರ ಮೇಲೆ?"

ಬೇಟೆಯ ಮಾತು ಬಂದದ್ದಕ್ಕೆ ಮರ್ಲ್‌ಗೆ ಸಮಾಧಾನವಾಯಿತು. ಎಲ್ಕ್ ಹಿಂಡಿನ ದೊಡ್ಡ ಗಂಡು ಅವನ ಕಣ್ಣ ಮುಂದೆ ಬಂದು ನಿಂತಿತು. "ನಿನ್ನ ಹತ್ರ ಮುಚ್ಚುಮರೆ ಯಾಕೆ. ನದಿ ತಿರುವಿನ ಹತ್ರ ಒಂದು ದೊಡ್ಡ ಗಂಡು ಇದೆಯಲ್ಲ, ಅದರ ಮೇಲೆ. ಮೂರು ವರ್ಷದಿಂದ ಕಣ್ಣಿಟ್ಟಿದೀನಿ. ಚೆನ್ನಾಗಿ ತಿಂದು ಕೊಬ್ಬಿದೆ. ಕತ್ತೇ ಇಷ್ಟು ದಪ್ಪ."

ಮೇಯರ್‌ನ ಕೈ ತಾನಾಗಿಯೇ ಕತ್ತಿಗೆ ಹೋಯಿತು. "ನದಿ ತಿರುವು," ಅಂದ.

"ಬೆಳಬೆಳಗ್ಗೆ ಕದ್ದು ಬರುತ್ತೆ ಅಲ್ಲಿಗೆ. ಯಾರೂ ನೋಡ್ತಿಲ್ಲ ಅಂತ ಅದರ ಲೆಕ್ಕ. ನಾನು ಪೊದೆ ಹಿಂದೆ ಕೂತು ಎಲ್ಲಾ ನೋಡಿದೀನಿ."

"ಎಲ್ಲಾನೂ?"

"ಎಲ್ಲಾನೂ. ಒಂದೇ ಏಟು ಫ್ಲಾಯ್ಡ್. ನರಳಿಸೋದು ನಂಗಿಷ್ಟ ಇಲ್ಲ. ಆಮೇಲೆ ತಲೆ ತೆಗೆದು ಗೋಡೆಗೆ ಹಾಕೋದು."

"ಹೆಂಡ್ತಿ ಇದಾಳೆ ಮರ್ಲ್," ಅಂದ ಮೇಯರ್.

"ಒಬ್ಬಳಾ? ಆರೇಳು! ನಾನೇ ಎಣಿಸಿದೀನಿ, ಹಿಂದೆ ಹಿಂದೇನೇ ಸುತ್ತುತಿರ್ತವೆ."

ಮೇಯರ್‌ನ ಮುಖ ಮೊದಲು ಕೆಂಪಾಗಿ, ಆಮೇಲೆ ಪೈಯ ಒಳಗಿನ ಬಣ್ಣಕ್ಕೆ ಬಂತು. "ಯಾವಾಗ ಹೊರಗೆ ಬರುತ್ತೆ?" ಎಂದು ಪಿಸುಗುಟ್ಟಿದ.

"ಪ್ರೆಸ್ ಯಾವುದು ಅಂತ ಇವತ್ತು ತೀರ್ಮಾನ ಮಾಡಿದ್ರೆ, ಶುಕ್ರವಾರ ಬೆಳಗ್ಗೆ ಮೊದಲನೇದು ಹೊರಗೆ."

ಮೇಯರ್ ಎದ್ದು ಹೋದ. ಫ್ಲಾಯ್ಡ್‌ಗೆ ಕಾಡುಪ್ರಾಣಿಗಳ ಮೇಲೆ ಇಷ್ಟು ಅಂತಃಕರಣ ಇದೆಯೆಂದು ಐವತ್ತೈದು ವರ್ಷದಲ್ಲಿ ತನಗೆ ತಿಳಿಯಲೇ ಇಲ್ಲವಲ್ಲ ಎಂದು ಮರ್ಲ್‌ಗೆ ನಾಚಿಕೆಯಾಯಿತು. ಪೈ ರುಚಿಯಾಗಿತ್ತು.

ಗ್ಯಾರೇಜಿನಿಂದ ಮೇಯರ್ ನೇರ ಐವರ್‌ನ ಅಂಗಡಿಗೆ ಹೋಗಿ, "ಮರ್ಲ್‌ಗೆ ಎಲ್ಲಾ ಕೊಟ್ಟೆಯಂತಲ್ಲ, ದ್ರೋಹಿ!" ಎಂದು ಕೂಗಾಡಿದ. "ಕಾಸು ಕೊಟ್ಟ, ಕೊಟ್ಟೆ. ಅಂಗಡಿ ಇಟ್ಟಿರೋದು ಯಾಕೆ?" ಎಂದು ಐವರ್ ತಣ್ಣಗೆ ಹೇಳಿದ. ಮೇಯರ್ ಬಣ್ಣದ ಡಬ್ಬಿಗಳ ಗೋಪುರಕ್ಕೆ ಡಿಕ್ಕಿ ಹೊಡೆದು, ಎಲ್ಲ ಉರುಳಿಸಿ ಹೊರಬಿದ್ದನೆಂದು ನೋಡಿದವರು ಹೇಳಿದರು.

ಗುರುವಾರ ಸಂಜೆ ಐದೂವರೆಗೆ ಊರ ಕೌನ್ಸಿಲಿನ ಸಭೆ. ಯಾವಾಗಲೂ ಅದಕ್ಕೆ ಬರುವವರು ಐದು ಮಂದಿ ಸದಸ್ಯರು ಮತ್ತು ಚಳಿ ಕಾಯಿಸಿಕೊಳ್ಳಲು ಬರುವ ಒಬ್ಬ ಮುದುಕ. ಅವತ್ತು ಎಂಬತ್ತು ಮಂದಿ. ಹೊಸ ಪತ್ರಿಕೆಯವನು ಯಾರ ಬಣ್ಣ ಬಯಲು ಮಾಡುತ್ತಾನೋ ನೋಡಬೇಕೆಂದು ಗೋಡೆಗೆ ಒರಗಿ ನಿಂತಿದ್ದರು. ಡಾರ್ಲಾ ಗಂಡನಿಗೆ ಟೈ ಕಟ್ಟಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಮೊದಲನೇ ಸಾಲಿನಲ್ಲೇ ಕೂರಿಸಿದಳು. ಪ್ರೆಸ್ ಹಾಕುವವರೆಲ್ಲ ಟೈ ಯಾಕೆ ಕಟ್ಟಬೇಕೆಂದು ಮರ್ಲ್ ಕೇಳಲಿಲ್ಲ. ಮೂರು ದಿನದಿಂದ ಯಾವುದೂ ಅರ್ಥವಾಗದೆ ಅವನು ಕೇಳುವುದನ್ನೇ ಬಿಟ್ಟಿದ್ದ.

ಮೇಯರ್ ಎದ್ದು ನಿಂತ. ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನಾಳೆ ಪತ್ರಿಕೇಲಿ ಓದೋದಕ್ಕಿಂತ ನನ್ನ ಬಾಯಿಂದಲೇ ಕೇಳಿ. ಮರ್ಲ್‌ಗೆ ಎಲ್ಲಾ ಗೊತ್ತಾಗಿದೆ. ನದಿ ತಿರುವಿನ ಹತ್ರ ಊರಿಗೆ ಸೇರಿದ ನಲವತ್ತು ಎಕರೆ ಇದೆಯಲ್ಲ, ಅದನ್ನ ಹೊರಗಿನವನೊಬ್ಬನಿಗೆ ಮಾರೋ ಮಾತಾಗಿದೆ. ಅವನು ಬೇಲಿ ಹಾಕ್ತಾನೆ. ಹೌದು, ಬೆಳಗ್ಗೆ ಬೆಳಗ್ಗೆ ಅವನನ್ನ ಅಲ್ಲಿ ಭೇಟಿ ಮಾಡ್ತಿದ್ದೆ. ಇವತ್ತು ಇಲ್ಲಿ ಒಪ್ಪಿಗೆ ಆಗಬೇಕಿತ್ತು. ಆದರೆ ನೋಟಿಸು ಕಾನೂನು ಪ್ರಕಾರವೇ ಅಂಟಿಸಿದೀನಿ!"

"ಎಲ್ಲಿ ಅಂಟಿಸಿದೀಯ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಕಚೇರೀಲೇ. ಬಾಗಿಲ ಹಿಂದೆ."

ಗದ್ದಲ ಎದ್ದಿತು. ಅದರ ಮೇಲೆ ಮೇಯರ್ ದನಿ ಏರಿಸಿ, "ಆದರೆ ಆ ಆರೇಳು ಹೆಂಗಸರ ವಿಷಯ ಇದೆಯಲ್ಲ, ಅದು ಶುದ್ಧ ಸುಳ್ಳು!" ಎಂದ.

ಮೂರನೇ ಸಾಲಿನಿಂದ ಮಿಸೆಸ್ ಪೆಂಡ್ಲಿ ನಿಧಾನವಾಗಿ ಎದ್ದಳು.

"ಯಾವ ಆರೇಳು ಹೆಂಗಸರು, ಫ್ಲಾಯ್ಡ್?"

ಆಗ ಮರ್ಲ್ ಎದ್ದ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಮೂರು ದಿನದ ಗಂಟುಗಳು ಒಂದೊಂದಾಗಿ ಬಿಚ್ಚುತ್ತಿರುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಹಿಮದ ಲಾರಿಯಂತೆ ಅವನ ಬುದ್ಧಿ ನಿಧಾನ, ಹೊರಟ ಮೇಲೆ ಮಾತ್ರ ನಿಲ್ಲುತ್ತಿರಲಿಲ್ಲ.

"ಅವು ಎಲ್ಕ್‌ಗಳು ಮಿಸೆಸ್ ಪೆಂಡ್ಲಿ. ಹೆಣ್ಣು ಎಲ್ಕ್‌ಗಳು. ನಿಮ್ಮ ಯಜಮಾನರ ಬಗ್ಗೆ ನಾನೇನೂ ಹೇಳ್ಲಿಲ್ಲ. ನಾನು ಪತ್ರಿಕೆ ಹಾಕ್ತಿಲ್ಲ. ನನಗೆ ಬೇಕಾಗಿರೋದು ತೋಟೆ ತುಂಬೋ ಪ್ರೆಸ್ಸು. ಅದೂ ಯಾವುದು ಅಂತ ಇನ್ನೂ ಗೊತ್ತಾಗಿಲ್ಲ." ಪಕ್ಕದಲ್ಲಿ ಡಾರ್ಲಾ ಕೈಚೀಲದ ಗುಂಡಿಯನ್ನೇ ನೋಡುತ್ತಿದ್ದಳು. ಅವನು ಕೂರಲು ಹೋಗಿ, ಅರ್ಧಕ್ಕೆ ನಿಂತ. "ಅಲ್ಲ ಫ್ಲಾಯ್ಡ್, ಬೇಲಿ ಹಾಕಿದ್ರೆ ನಾವು ನದಿಗೆ ಹೋಗೋದು ಎಲ್ಲಿಂದ?"

ಮೇಯರ್ ಐವರ್‌ನ ಕಡೆ ನೋಡಿದ, ಐವರ್ ಚಾವಣಿ ನೋಡಿದ.

"ಆರ್ಟ್ ಕ್ರಂಬ್ ಅಲ್ಲೇ ಗಾಳ ಹಾಕ್ತಿದ್ದ," ಅಂದ ಮರ್ಲ್. "ನಾವೆಲ್ಲ ಅಲ್ಲೇ ಈಜು ಕಲಿತಿದ್ದು. ನೀನು ಮುಳುಗ್ತಿದ್ದಾಗ ನಾವು ಮೇಲಕ್ಕೆ ಎಳೆದಿದ್ದು ಅಲ್ಲೇ. ಬಾಗಿಲ ಹಿಂದೆ ಅಂಟಿಸ್ದೆಯಾ?"

ಅದಕ್ಕಿಂತ ಹೆಚ್ಚು ಮಾತು ಅವನಿಗೆ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ. ಬಣ್ಣದ ಡಬ್ಬಿಗಳ ಸಿಟ್ಟಿನಲ್ಲಿದ್ದ ಐವರ್ ಮೊದಲು ಕೈ ಎತ್ತಿ ಮಾರಾಟ ಬೇಡವೆಂದ. ಉಳಿದ ಮೂವರು ಎಂಬತ್ತು ಮುಖಗಳನ್ನು ಒಮ್ಮೆ ನೋಡಿ ಕೈ ಎತ್ತಿದರು. ಮೇಯರ್ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಕೈಯನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟ.

ಮನೆಗೆ ಹೋಗುವಾಗ ಡಾರ್ಲಾ ಎರಡು ಬೀದಿ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

"ಪಾರ್ಲರಲ್ಲಿ ಕುರ್ಚಿ ಬಿಟ್ಕೊಟ್ಟಿದ್ರು," ಅಂದಳು ಕೊನೆಗೆ.

"ತಪ್ಪಾಯ್ತು ಕಣೇ. ನಂಗೇನೂ ಗೊತ್ತಾಗ್ಲಿಲ್ಲ."

"ನಿನಗೆ ಗೊತ್ತಾಗಲ್ಲ ಅಂತ ನಂಗೆ ಗೊತ್ತಾಗ್ಬೇಕಿತ್ತು." ಇನ್ನೊಂದು ಬೀದಿ ದಾಟಿದ ಮೇಲೆ ನಿಂತಳು. "ಬಾಗಿಲ ಹಿಂದೆ ಅಂಟಿಸಿದ್ನಲ್ಲ ಆ ಮನುಷ್ಯ! ಇನ್ನೇನೇನು ಎಲ್ಲೆಲ್ಲಿ ಅಂಟಿಸಿದಾನೋ! ನಿನಗಾಗದಿದ್ರೆ ಬೇಡ. ಪತ್ರಿಕೆ ನಾನು ಹಾಕ್ತೀನಿ."

ಹಾಕಿದಳು ಕೂಡ. ಚರ್ಚಿನ ಜೆರಾಕ್ಸ್ ಯಂತ್ರದಲ್ಲಿ, ಎರಡು ಹಾಳೆ, ಮಿಸೆಸ್ ಕ್ರಂಬ್ ಸಹಾಯಕಿ. ಮೊದಲನೇ ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಆರ್ಟ್ ಕ್ರಂಬ್ ಹುಟ್ಟಿದ್ದು, ಸತ್ತದ್ದು, ಗಾಳ ಹಾಕಿದ್ದು.

ಮರ್ಲ್ ಶನಿವಾರ ಐವರ್‌ನಲ್ಲಿಗೆ ಹೋಗಿ, ಯಾರು ಬಾಯಿ ಹಾಕುವುದಕ್ಕೂ ಮುಂಚೆ, "ವರ್ಷಕ್ಕೆ ಹೊಡೆಯೋದು ಮೂರು," ಎಂದು ಸತ್ಯ ಹೇಳಿದ. ಐವರ್ ಒಂಟಿ ಪ್ರೆಸ್ಸನ್ನು ಮುಂದಕ್ಕೆ ತಳ್ಳಿದ.

ಅದನ್ನು ಹೊಲಿಗೆ ಮೇಜಿಗೆ ಬಿಗಿದು ಮುಗಿಸಿದಾಗ ಬಾಗಿಲಲ್ಲಿ ಫ್ಲಾಯ್ಡ್ ಪೆಂಡ್ಲಿ ನಿಂತಿದ್ದ. ಈ ಸಲ ಪೈ ಇರಲಿಲ್ಲ. ಒಳಗೆ ಬಂದು ಆ ಹಸಿರು ಕಬ್ಬಿಣದ ತುಂಡನ್ನು ಸುತ್ತ ತಿರುಗಿ ನೋಡಿದ. ಹಿಡಿ ಹಿಡಿದು ಒಮ್ಮೆ ಎಳೆದ. ಏನೂ ಬೀಳಲಿಲ್ಲ. ಇನ್ನೊಮ್ಮೆ ಎಳೆದ.

"ಇಷ್ಟೇನಾ?"

"ಇಷ್ಟೇ."

"ಇದಕ್ಕೆ ಹೆದರಿ ನಾನು ಎಂಬತ್ತು ಜನದ ಮುಂದೆ ಎಲ್ಲಾ ಒಪ್ಕೊಂಡೆ."

ಮರ್ಲ್‌ಗೆ ಪಾಪ ಅನ್ನಿಸಿತು. "ನಾನು ಏನೂ ಕೇಳ್ಲೇ ಇಲ್ಲವಲ್ಲೋ ಫ್ಲಾಯ್ಡ್. ನಂಗೆ ಏನೂ ಗೊತ್ತೇ ಇರ್ಲಿಲ್ಲ."

"ಅದೇ ಮತ್ತೆ ಆಗಿದ್ದು," ಅಂದ ಮೇಯರ್, ಹಿಡಿಯನ್ನು ಮೆಲ್ಲನೆ ಮೇಲಕ್ಕೆ ಬಿಡುತ್ತ. "ಗೊತ್ತಿರೋನು ಬಂದು ಕೇಳಿದ್ರೆ ಸುಳ್ಳು ಹೇಳಿ ಕಳಿಸ್ತಿದ್ದೆ. ಏನೂ ಗೊತ್ತಿಲ್ಲದೋನಿಗೆ ಏನಂತ ಸುಳ್ಳು ಹೇಳೋದು?"